ಮನಸ್ಸಿಲ್ಲದ ಕಿವಿ

ನಿಶ್ಶಬ್ದವಾದ ಮನೆ ಎಂಬುದು ಲೋಕದಲ್ಲಿ ಎಲ್ಲಿಯೂ ಇಲ್ಲ. ಇದ್ದರೂ ಅಂಥ ಮನೆಯಲ್ಲಿ ಸಂಸಾರಸ್ಥರು ಯಾರೂ ವಾಸವಾಗಿರಲಾರರು. ನಡುಹಗಲಿನಲ್ಲಿ ಊಟ ಮುಗಿದು, ಮಕ್ಕಳು ಶಾಲೆಗೆ ಹೋಗಿ, ಹಿರಿಯರು ಮಗ್ಗುಲಾಗಿರುವ ಹೊತ್ತಿನಲ್ಲಿ “ಅಬ್ಬ, ಈಗ ಮನೆ ಎಷ್ಟು ಶಾಂತವಾಗಿದೆ!” ಎಂದು ಗೃಹಿಣಿ ನೆಮ್ಮದಿಯ ಉಸಿರು ಬಿಡುತ್ತಾಳೆ. ಆ ಶಾಂತಿಯೊಳಗೇ ಫ್ಯಾನು ತಿರುಗುತ್ತಿರುತ್ತದೆ. ಅಡುಗೆಮನೆಯ ಮೂಲೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿರುತ್ತದೆ. ಕೆಳಗಿನ ಸಂಪಿನಿಂದ ನೀರೆತ್ತುವ ಮೋಟಾರು ತನ್ನಷ್ಟಕ್ಕೆ ಗೊಣಗುತ್ತಿರುತ್ತದೆ. ಬೀದಿಯಲ್ಲಿ ಹಳೆಯ ಪೇಪರಿನವನು ಕೂಗಿಕೊಂಡು ಹೋಗುತ್ತಾನೆ. ಎದುರಿನಲ್ಲಿ ಹೊಸ ಮನೆ ಕಟ್ಟುತ್ತಿರುವವರು ಗ್ರಾನೈಟು ಕೊಯ್ಯುತ್ತಾರೆ. ಇವಾವುವೂ ಆಕೆಯ ಕಿವಿಗೆ ಬೀಳುವುದಿಲ್ಲವೆಂದಲ್ಲ, ಬೀಳುತ್ತವೆ. ಆದರೆ ಕಿವಿಯ ಹಿಂದೆ ಮನಸ್ಸೆಂಬ ಜಾಣ ದ್ವಾರಪಾಲಕನೊಬ್ಬ ನಿಂತಿದ್ದಾನೆ. ದಿನವೂ ಬರುವವರನ್ನು ಅವನು ಮಾತಾಡಿಸದೆ ಹಿತ್ತಲಿನಿಂದಲೇ ಕಳುಹಿಸಿಬಿಡುತ್ತಾನೆ. ಮಗು ಅತ್ತರೆ ಮಾತ್ರ ಒಡತಿಯನ್ನು ಎಬ್ಬಿಸುತ್ತಾನೆ.

ಮೈಕ್ರೊಫೋನಿಗೆ ಕಿವಿಯುಂಟು, ಈ ದ್ವಾರಪಾಲಕನಿಲ್ಲ. ತನ್ನ ಬಳಿಗೆ ಬಂದುದನ್ನೆಲ್ಲ ಅದು ಸಮಾನ ಗೌರವದಿಂದ ಬರಮಾಡಿಕೊಳ್ಳುತ್ತದೆ. ಮಾತನಾಡುವವರು ಪ್ರಧಾನಮಂತ್ರಿಗಳಾಗಲಿ, ಅವರ ಹಿಂದೆ ಕೆಮ್ಮಿದವನು ಜವಾನನಾಗಲಿ, ಅದಕ್ಕೆ ಎರಡೂ ಒಂದೇ. ಗದ್ದಲದ ಕೂಟದಲ್ಲಿ ನಿಂತ ಮನುಷ್ಯ ಒಬ್ಬರ ಮಾತನ್ನೇ ಆರಿಸಿಕೊಂಡು ಕೇಳುವ ಬಗೆ ಹೇಗೆಂದು ಕಾಲಿನ್ ಚೆರ್ರಿ ಎಂಬ ಇಂಗ್ಲಿಷ್ ವಿಜ್ಞಾನಿ ೧೯೫೩ರಲ್ಲಿ ಪ್ರಯೋಗಗಳನ್ನು ಪ್ರಕಟಿಸಿದನು. ಎರಡು ಕಿವಿಗಳಿರುವುದೇ ಇದಕ್ಕೊಂದು ಮುಖ್ಯ ಕಾರಣ. ಎಡದಿಂದ ಬಂದ ಸದ್ದು ಎಡಗಿವಿಗೆ ಕೂದಲೆಳೆಯಷ್ಟು ಮೊದಲು ಮುಟ್ಟುತ್ತದೆ. ಆ ಸುಳಿವಿನಿಂದ ಮನಸ್ಸು ದಿಕ್ಕನ್ನು ಗುರುತಿಸಿ ಬೇಡದ್ದನ್ನು ಬದಿಗೆ ಸರಿಸುತ್ತದೆ. ಒಂದೇ ಮೈಕಿನಲ್ಲಿ ಹಿಡಿದ ಧ್ವನಿಗೆ ದಿಕ್ಕೆಂಬುದಿಲ್ಲ. ಬಲಗಡೆಯ ಫ್ಯಾನು, ಹಿಂದಿನ ಫ್ರಿಜ್ಜು, ಮುಂದಿನ ಮಾತು ಎಲ್ಲವೂ ಒಂದೇ ಬಿಂದುವಿನಿಂದ ಹೊರಟಂತೆ ಒಂದರ ಮೇಲೊಂದು ಬಂದು ಬೀಳುತ್ತವೆ. ಕೋಣೆಯಲ್ಲಿ ಕುಳಿತಾಗ ಇಲ್ಲದಿದ್ದ ಗಲಾಟೆ ಮುದ್ರಣದಲ್ಲಿ ಎಲ್ಲಿಂದ ಬಂತೆಂದು ಜನ ಬೆರಗಾಗುತ್ತಾರೆ. ಅದು ಎಲ್ಲಿಂದಲೂ ಬಂದುದಲ್ಲ, ಮೊದಲಿಂದಲೂ ಅಲ್ಲೇ ಇದ್ದದ್ದು.

ಬಸವನಗುಡಿಯ ಒಂದು ಮನೆಯ ಎರಡನೆಯ ಅಂತಸ್ತಿನಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಈ ತತ್ತ್ವದ ಪರಿಚಯವಾದುದು ಅರವತ್ತೇಳನೆಯ ವಯಸ್ಸಿನಲ್ಲಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ಕೊನೆಯ ಬೆಂಚಿನವರೆಗೆ ಮುಟ್ಟುವ ಕಂಠ. ಹಾಸನದಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಕನ್ನಡ ಎಂ.ಎ. ಪರೀಕ್ಷೆಗೆ ಓದುತ್ತಿದ್ದ ದೃಷ್ಟಿಹೀನ ವಿದ್ಯಾರ್ಥಿಯೊಬ್ಬನಿಗೆ ಹಳಗನ್ನಡದ ಪಠ್ಯಗಳನ್ನು ಓದಿ ಕಳುಹಿಸಲು ಅವರು ಒಪ್ಪಿಕೊಂಡರು. ಇಂದು ಯಂತ್ರವೇ ಕನ್ನಡವನ್ನು ಗಟ್ಟಿಯಾಗಿ ಓದಬಲ್ಲುದು, ನಿಜ. ಆದರೆ ಕಂದಪದ್ಯವನ್ನು ಎಲ್ಲಿ ಒಡೆಯಬೇಕು, ಸಂಧಿ ಎಲ್ಲಿ ಬಿಡಬೇಕು, ಯಾವ ಪದದ ಮೇಲೆ ಒಂದು ಕ್ಷಣ ನಿಲ್ಲಬೇಕು ಎಂಬುದನ್ನು ಯಂತ್ರಕ್ಕೆ ಯಾರು ಪಾಠ ಹೇಳಿದ್ದಾರೆ? ಕಾನೂನಿನ ಅಡ್ಡಿಯೂ ಇಲ್ಲ. ಅಂಗವಿಕಲರ ಉಪಯೋಗಕ್ಕಾಗಿ ಗ್ರಂಥಗಳನ್ನು ಹೀಗೆ ರೂಪಾಂತರಿಸಲು ೨೦೧೨ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ ಅವಕಾಶವಿದೆ. ಊಟದ ಮೇಜಿನ ಮೇಲೆ ಮೊಬೈಲನ್ನು ಮಲಗಿಸಿ, ಪುಸ್ತಕ ತೆರೆದು, ಉಪಾಧ್ಯಾಯಿನಿಯವರು ಉತ್ಸಾಹದಿಂದ ಓದತೊಡಗಿದರು. ಒಂದು ವಾರದಲ್ಲಿ ಆರು ಗಂಟೆಯಷ್ಟು ಓದು ಹಾಸನಕ್ಕೆ ಹೋಯಿತು.

ಉತ್ತರ ಬಹಳ ಸಂಕೋಚದಿಂದ ಬಂತು. “ಮೇಡಂ, ನಿಮ್ಮ ಓದು ತುಂಬಾ ಚೆನ್ನಾಗಿದೆ. ಒಂದ್ ಮಾತು ಹೇಳಿದ್ರೆ ತಪ್ಪು ತಿಳ್ಕೋಬಾರದು” ಎಂದು ಪೀಠಿಕೆ ಹಾಕಿ ಹುಡುಗ ನಡೆದ ಸಂಗತಿಯನ್ನು ಹೇಳಿದ. ಅಕ್ಕ ಒಲೆಯ ಮೇಲೆ ಬೇಳೆ ಇಟ್ಟು, “ಮೂರು ಸಲ ಕೂಗಿದ ಮೇಲೆ ಗ್ಯಾಸು ಆರಿಸೋ” ಎಂದು ತಮ್ಮನಿಗೆ ಹೇಳಿ ಅಂಗಡಿಗೆ ಹೋಗಿದ್ದಳು. ತಮ್ಮ ಒಂದು ಕಿವಿಗೆ ಪಾಠ ಸಿಕ್ಕಿಸಿಕೊಂಡು, ಇನ್ನೊಂದನ್ನು ಅಡುಗೆಮನೆಗೆ ಒಪ್ಪಿಸಿ, ಎಣಿಸಿ ಮೂರನೆಯ ಕೂಗಿಗೆ ಎದ್ದು ಆರಿಸಿದ. ಅವುಗಳಲ್ಲಿ ಎರಡು ಕೂಗು ಬಸವನಗುಡಿಯವು! ಆ ದಿನ ಹಾಸನದಲ್ಲಿ ಬೇಳೆ ಬೇಯಲಿಲ್ಲ. ಬಾಗಿಲ ಗಂಟೆಯ ಸದ್ದಿಗೆ ಎದ್ದು ಹೋಗಿ ಬಾಗಿಲು ತೆರೆದು, “ಯಾರು?” ಎಂದು ಬರಿಯ ಬೀದಿಯನ್ನು ಕೇಳಿದ್ದೂ ಎರಡು ಸಲ ನಡೆದಿತ್ತು. ಇದನ್ನೆಲ್ಲ ಅವನು ನಗುನಗುತ್ತಲೇ ಹೇಳಿದ. ನಗದೆ ಹೇಳಿದ ಮಾತು ಇನ್ನೊಂದು: “ಕೆಳಗಡೆ ಒಂದು ಗುಂಯ್ ಅಂತ ಸದ್ದು ಇದೆ, ಮೇಡಂ. ನಾನು ವೇಗ ಜಾಸ್ತಿ ಮಾಡಿ ದಿನಕ್ಕೆ ನಾಲ್ಕು ಗಂಟೆ ಕೇಳ್ತೀನಿ. ತಲೆ ಭಾರ ಆಗುತ್ತೆ. ‘ಸಕಲ’ ಅಂದ್ರೋ ‘ಶಕಲ’ ಅಂದ್ರೋ ಗೊತ್ತಾಗಲ್ಲ.”

ಸಕಲವೆಂದರೆ ಸಮಸ್ತ, ಶಕಲವೆಂದರೆ ಚೂರು. ಕನ್ನಡದ ಉಪಾಧ್ಯಾಯಿನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೆ ಬೇಕೆ? ಕಣ್ಣಿರುವವರು ಅನುಮಾನ ಬಂದರೆ ಪುಟವನ್ನು ನೋಡಿಕೊಳ್ಳಬಹುದು. ಆ ಹುಡುಗನಿಗೆ ಪುಟವೂ ಅದೇ, ಅಕ್ಷರವೂ ಅದೇ. ಪರೀಕ್ಷೆ ಜೂನ್ ತಿಂಗಳಲ್ಲಿ. ಆಗ ಫೆಬ್ರವರಿ ಕಳೆಯುತ್ತಿತ್ತು.

ಧ್ವನಿಯ ಪುಸ್ತಕ ಅಂಧರಿಗೆ ಒದಗಬೇಕೆಂಬುದು ಹೊಸ ಯೋಚನೆಯೇನಲ್ಲ. ಫೋನೋಗ್ರಾಫನ್ನು ಕಂಡುಹಿಡಿದ ಎಡಿಸನ್, ೧೮೭೮ರಲ್ಲಿ ಅದರ ಉಪಯೋಗಗಳ ಪಟ್ಟಿಯನ್ನು ಬರೆದಾಗ ಅಂಧರಿಗಾಗಿ ಮಾತನಾಡುವ ಪುಸ್ತಕವನ್ನೂ ಅದರಲ್ಲಿ ಸೇರಿಸಿದ್ದನು. ಬ್ರಿಟನ್ನಿನಲ್ಲಿ ಅಂಥ ಪುಸ್ತಕಗಳ ಸೇವೆ ೧೯೩೫ರಲ್ಲಿ ಪ್ರಾರಂಭವಾಯಿತು. ಒಂದೊಂದು ತಟ್ಟೆಯ ಒಂದೊಂದು ಮುಖದಲ್ಲಿ ಸುಮಾರು ೨೫ ನಿಮಿಷದ ಓದು. ವಿಶೇಷವೆಂದರೆ, ಅದೇ ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಸಂದದ್ದು ಆ ಮನೆಯ ನಿಲಯಕ್ಕೆ. ವಾಸದ ಮನೆಯಲ್ಲಿ ಧ್ವನಿಯನ್ನು ಹಿಡಿಯುವ ಸಾಹಸಕ್ಕೆ ಕನ್ನಡ ನಾಡಿನಲ್ಲಿ ಇಂಥ ಪೂರ್ವಿಕರಿರುವಾಗ ಎದೆಗುಂದಬೇಕಾದ ಕಾರಣವಿಲ್ಲ.

ಉಪಾಧ್ಯಾಯಿನಿಯವರ ಯಜಮಾನರು ನಿವೃತ್ತ ಇಂಜಿನಿಯರು. ಕಾರ್ಖಾನೆಯಲ್ಲಿ ದೊಡ್ಡ ಯಂತ್ರಗಳ ಕಂಪನ ನೆಲಕ್ಕಿಳಿಯದಂತೆ ಅವುಗಳ ಕೆಳಗೆ ರಬ್ಬರು, ಸ್ಪ್ರಿಂಗು ಹೂಡಿಸಿದವರು. ನಿವೃತ್ತಿಯಾದ ಮೇಲೆ ತರಕಾರಿ ತರುವುದರ ಹೊರತು ಅವರ ವಿದ್ಯೆಯನ್ನು ಯಾರೂ ಕೇಳಿದ್ದಿಲ್ಲ. ಈಗ ಕನ್ನಡಕ ಏರಿಸಿಕೊಂಡು ಎದ್ದರು. “ಮೊದಲು ನೀನು ಏನೂ ಓದಬೇಡ ಕಣೇ. ಸುಮ್ಮನೆ ಒಂದು ನಿಮಿಷ ಮೌನವನ್ನು ರೆಕಾರ್ಡು ಮಾಡೋಣ” ಎಂದರು. “ಮೌನದಲ್ಲಿ ಏನು ಕೇಳತ್ತೆ ಅಂದ್ರೆ?” ಎಂದು ಅವರಾಕೆ ನಕ್ಕರು. ಹೆಡ್‌ಫೋನು ಹಾಕಿಕೊಂಡು ಕೇಳಿದರೆ ಆ ಒಂದು ನಿಮಿಷದಲ್ಲಿ ಇಡೀ ಕಟ್ಟಡವೇ ಇತ್ತು.

ಮನೆಯಲ್ಲಿ ಧ್ವನಿ ಹಿಡಿಯುವವರೆಲ್ಲ ಮೊದಲು ಮಾಡಬೇಕಾದ ಕೆಲಸ ಇದೇ ಎಂಬುದರಲ್ಲಿ ಸಂಶಯವಿಲ್ಲ. ಆಮೇಲೆ ಒಂದೊಂದನ್ನೇ ಆರಿಸುತ್ತ ಬಂದು, ಪ್ರತಿಸಲವೂ ಮತ್ತೊಂದು ನಿಮಿಷವನ್ನು ಹಿಡಿದು ಹೋಲಿಸಬೇಕು. ಫ್ಯಾನು ಆರಿಸಿದಾಗ ಸುಯ್ಯೆನ್ನುವ ಗಾಳಿ ಹೋಯಿತು. ಫ್ರಿಜ್ಜು ಆರಿಸಿದಾಗ ಗುಂಗು ಅರ್ಧವಾಯಿತು. (ಮತ್ತೆ ಹಚ್ಚುವುದು ಮರೆತು ಒಂದು ದಿನ ಹಾಲು ಒಡೆದ ಮೇಲೆ, ಮನೆಯ ಬೀಗದಕೈ ಗೊಂಚಲನ್ನು ಫ್ರಿಜ್ಜಿನೊಳಗೇ ಇಡುವ ಪದ್ಧತಿ ಬಂತು; ಬೀಗದಕೈ ಬೇಕಾದವರು ಫ್ರಿಜ್ಜನ್ನು ನೆನೆಯಲೇಬೇಕು.) ಆದರೂ ತಳದಲ್ಲಿ ಒಂದು ಗೊಣಗು ಉಳಿದೇ ಇತ್ತು. ಯಜಮಾನರು ಮೊಬೈಲನ್ನು ಮೇಜಿನಿಂದ ಎತ್ತಿ ಕೈಯಲ್ಲಿ ಹಿಡಿದು ಮತ್ತೊಂದು ನಿಮಿಷ ಮುದ್ರಿಸಿದರು. ಗೊಣಗು ಬಹುಪಾಲು ಮಾಯವಾಯಿತು. ಕಳ್ಳ ಗಾಳಿಯ ದಾರಿಯಲ್ಲಿ ಬಂದವನಲ್ಲ, ನೆಲದ ದಾರಿಯಲ್ಲಿ ಬಂದವನು. ಕೆಳಗಿನ ಸಂಪಿನ ಮೋಟಾರಿನ ಕಂಪನ ಕೊಳವೆಯನ್ನು ಹಿಡಿದು ಗೋಡೆಗೆ, ಗೋಡೆಯಿಂದ ನೆಲಕ್ಕೆ, ಅಲ್ಲಿಂದ ಮೇಜಿನ ಕಾಲಿಗೆ ಏರಿ ಮೊಬೈಲಿನ ಬೆನ್ನನ್ನು ಮುಟ್ಟುತ್ತಿತ್ತು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರು ನಡೆದರೆ ಉಕ್ಕಿನಲ್ಲಿ ಸುಮಾರು ೫,೦೦೦ ಮೀಟರು ನಡೆಯುತ್ತದೆ. ಘನವಸ್ತುವೆಂದರೆ ಅದಕ್ಕೆ ಹೆದ್ದಾರಿ. ಕಿಟಕಿಗಳನ್ನು ಎಷ್ಟು ಭದ್ರವಾಗಿ ಮುಚ್ಚಿದರೂ ಈ ಅತಿಥಿ ಬರುವುದು ತಪ್ಪುವುದಿಲ್ಲ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ತೂಗಾಡುವಂಥದು. ಮನೆಯ ನೀರಿನ ಮೋಟಾರುಗಳು ಸಾಮಾನ್ಯವಾಗಿ ಆ ವೇಗಕ್ಕೆ ತುಸು ಕಡಿಮೆಯಾಗಿ ತಿರುಗುತ್ತವೆ. ಹೆಂಗಸರ ಧ್ವನಿಯ ಮೂಲಶ್ರುತಿ ಸೆಕೆಂಡಿಗೆ ಸುಮಾರು ೨೦೦ ಕಂಪನಗಳ ಆಸುಪಾಸಿನಲ್ಲಿರುತ್ತದೆ. ‘ಸ’ ‘ಶ’ಗಳ ಸುಯ್ಲು ಸಾವಿರಾರು ಕಂಪನಗಳ ಎತ್ತರದಲ್ಲಿರುತ್ತದೆ. ಹಾಗಾದರೆ ಕೆಳಗಿನ ಗೊಣಗು ಮೇಲಿನ ಅಕ್ಷರಕ್ಕೇಕೆ ಅಡ್ಡಬರಬೇಕು? ಕಿವಿಯ ಸ್ವಭಾವವೇ ಹಾಗೆ. ಬಲವಾದ ತಗ್ಗು ಸದ್ದು ತನಗಿಂತ ಮೇಲಿನ ಸದ್ದುಗಳ ಮೇಲೆ ನೆರಳು ಚಾಚುತ್ತದೆ. ಮೇಲಿನದು ಕೆಳಗಿನದಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಜೊತೆಗೆ, ನಾಲ್ಕು ಗಂಟೆಯ ಕಾಲ ಗೊಣಗನ್ನು ಬೇರ್ಪಡಿಸುತ್ತಿರುವ ಮನಸ್ಸು ದಣಿಯುತ್ತದೆ. ದಣಿದ ದ್ವಾರಪಾಲಕ ಯಾರನ್ನು ಒಳಗೆ ಬಿಟ್ಟನೆಂದು ಅವನಿಗೇ ತಿಳಿಯದು.

ಪರಿಹಾರಕ್ಕೆ ಮೊದಲು ದಿಂಬು ಬಂತು. ಮೊಬೈಲು ದಿಂಬಿನಲ್ಲಿ ಹೂತು ವಾಲಿಕೊಂಡಿತು. ಬಟ್ಟೆಗೆ ಉಜ್ಜಿ ಸರಸರ ಸದ್ದು ಬೇರೆ. ಆಮೇಲೆ ಹಳೆಯ ಹವಾಯಿ ಚಪ್ಪಲಿಯನ್ನು ಕತ್ತರಿಸಿ ನಾಲ್ಕು ತುಂಡು ಇಟ್ಟರು. ಅದರಿಂದ ಏನೂ ಆಗಲಿಲ್ಲ. ಏಕೆ ಆಗಲಿಲ್ಲವೆಂಬುದು ತಿಳಿಯತಕ್ಕ ವಿಷಯ. ರಬ್ಬರು ಕಂಪನವನ್ನು ನುಂಗುತ್ತದೆಂದು ಜನ ಭಾವಿಸುತ್ತಾರೆ. ಬರಿಯ ರಬ್ಬರಿನಲ್ಲಿ ಅಂಥ ಮಾಯೆಯೇನೂ ಇಲ್ಲ. ಮೇಲಿರುವ ಭಾರ, ಕೆಳಗಿರುವ ಮೆತ್ತೆ, ಇವೆರಡೂ ಸೇರಿ ಒಂದು ಉಯ್ಯಾಲೆಯಾಗುತ್ತದೆ. ಆ ಉಯ್ಯಾಲೆಗೆ ತನ್ನದೇ ಆದ ಒಂದು ಲಯವುಂಟು. ಹೊರಗಿನ ಕಂಪನ ಆ ಲಯಕ್ಕಿಂತ ಬಹಳ ಚುರುಕಾಗಿದ್ದರೆ ಮಾತ್ರ ಮೇಲಿನ ಭಾರ ಅದಕ್ಕೆ ಓಗೊಡದೆ ಸ್ಥಿರವಾಗಿ ನಿಲ್ಲುತ್ತದೆ. ಇನ್ನೂರು ಗ್ರಾಮಿನ ಮೊಬೈಲಿನ ಕೆಳಗೆ ಚಪ್ಪಲಿಯ ತುಂಡು ಒಂದಿಷ್ಟೂ ಕುಗ್ಗುವುದಿಲ್ಲ. ಕುಗ್ಗದ ಮೆತ್ತೆ ಮರದ ತುಂಡಿಗೆ ಸಮ. ಹಾಗೆಂದು ಪೂರ್ತಿ ಕುಗ್ಗಿ ಚಪ್ಪಟೆಯಾದ ಮೆತ್ತೆಯಿಂದಲೂ ಪ್ರಯೋಜನವಿಲ್ಲ.

ಯಜಮಾನರು ಹಳೆಯ ಡೈರಿಯ ಹಾಳೆಯಲ್ಲಿ ಲೆಕ್ಕ ಮಾಡಿದರು. ಭಾರದಿಂದ ಮೆತ್ತೆ ಎಷ್ಟು ಮಿಲಿಮೀಟರು ಕುಗ್ಗುವುದೋ ಅದರ ವರ್ಗಮೂಲದಿಂದ ೧೬ನ್ನು ಭಾಗಿಸಿದರೆ ಉಯ್ಯಾಲೆಯ ಲಯ ಸೆಕೆಂಡಿಗೆ ಎಷ್ಟೆಂದು ಹೆಚ್ಚುಕಡಮೆ ಸಿಕ್ಕುತ್ತದೆ. ಒಂದು ಮಿಲಿಮೀಟರು ಕುಗ್ಗಿದರೆ ೧೬. ನಾಲ್ಕು ಕುಗ್ಗಿದರೆ ೮. ಲಯ ಎಂಟಾದರೆ, ಐವತ್ತರ ಕಂಪನದಲ್ಲಿ ಸುಮಾರು ನಲವತ್ತನೆಯ ಒಂದು ಪಾಲು ಮಾತ್ರ ಮೇಲಕ್ಕೆ ದಾಟಬೇಕು. ಸ್ಪಂಜು ಪುಸ್ತಕದ ಸ್ಪ್ರಿಂಗಿನಷ್ಟು ವಿಧೇಯವಲ್ಲದ್ದರಿಂದ ವಾಸ್ತವದಲ್ಲಿ ಲಾಭ ಇದಕ್ಕಿಂತ ಕಡಿಮೆ, ಆದರೂ ಸಾಲದೆನ್ನುವಂತಿಲ್ಲ. ಹಾಗಾದರೆ ಬೇಕಾದದ್ದು ಮೆತ್ತೆಗಿಂತ ಮೊದಲು ಭಾರ! ಅಡುಗೆಮನೆಯ ಕಟ್ಟೆಯ ಮೇಲಿದ್ದ ಕಡಪಾ ಕಲ್ಲಿನ ಹಲಗೆ, ಎಂಟು ಕಿಲೋ ತೂಕದ್ದು, ಊಟದ ಮೇಜಿಗೆ ಬಂತು. ಅದರ ನಾಲ್ಕು ಮೂಲೆಗಳ ಕೆಳಗೆ ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡುಗಳು. ಅಳೆದು ನೋಡಿದರೆ ನಾಲ್ಕು ಮಿಲಿಮೀಟರು ಕುಗ್ಗಿದ್ದುವು. ಕಲ್ಲಿನ ಮೇಲೆ ಮೊಬೈಲಿನ ಸ್ಟ್ಯಾಂಡು. “ಅತ್ತೆ, ನಾಳೆ ಚಪಾತಿ ಎಲ್ಲಿ ಲಟ್ಟಿಸಲಿ?” ಎಂದು ಸೊಸೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ರಾತ್ರಿ ಹಿಡಿದ ಒಂದು ನಿಮಿಷದ ಮೌನದಲ್ಲಿ ಮೋಟಾರು ಇರಲಿಲ್ಲ.

ಹಳೆಯ ಬಾನುಲಿ ನಿಲಯಗಳಲ್ಲಿ ಮೈಕ್ರೊಫೋನನ್ನು ಒಂದು ಬಳೆಯ ನಡುವೆ ಸ್ಪ್ರಿಂಗುಗಳಿಂದ ತೂಗುಹಾಕುತ್ತಿದ್ದುದು ಇದೇ ತತ್ತ್ವದಿಂದ. ಇಂದು ರಬ್ಬರು ದಾರಗಳ ಜೋಳಿಗೆಯಲ್ಲಿ ಮೈಕನ್ನು ಕೂರಿಸುವುದೂ ಅದೇ. ಆದರೆ ಈ ಉಪಾಯಕ್ಕೆ ಬಗ್ಗದ ಶತ್ರು ಒಬ್ಬನುಂಟು: ಹೆಜ್ಜೆ. ಏಳು ವರ್ಷದ ಮೊಮ್ಮಗ ಓಡಿದಾಗ ನೆಲ ನಡುಗುವ ಲಯ ಉಯ್ಯಾಲೆಯ ಲಯಕ್ಕೇ ಹತ್ತಿರವಾದದ್ದು. ಅಂಥ ವೇಳೆ ಸ್ಪಂಜು ಸದ್ದನ್ನು ತಗ್ಗಿಸುವುದಿರಲಿ, ಹೆಚ್ಚಿಸಲೂಬಹುದು. ಅದಕ್ಕೆ ಭೌತಶಾಸ್ತ್ರದಲ್ಲಿ ಮದ್ದಿಲ್ಲ, ಚಕ್ಕುಲಿಯ ಡಬ್ಬಿಯಲ್ಲಿ ಉಂಟು.

ನೆಲದ ದಾರಿ ಮುಚ್ಚಿದ ಮೇಲೆ ಗಾಳಿಯ ದಾರಿ. ಇದು ಮಹಾಮಹಿಮರನ್ನೇ ಸೋಲಿಸಿದ ದಾರಿ. ಕಾರ್ಲೈಲ್ ಮಹಾಶಯನು ನೆರೆಮನೆಯ ಹುಂಜಗಳ ಕೂಗು, ಪಿಯಾನೋಗಳ ಗದ್ದಲ ತಾಳಲಾರದೆ ೧೮೫೩ರಲ್ಲಿ ಲಂಡನ್ನಿನ ತನ್ನ ಮನೆಯ ಮಾಳಿಗೆಯ ಮೇಲೆ ಶಬ್ದ ನುಗ್ಗದ ಕೋಣೆಯೊಂದನ್ನು ಕಟ್ಟಿಸತೊಡಗಿದನು. ಕಟ್ಟಿ ಮುಗಿದ ಮೇಲೆ ಬೇರೆ ದಿಕ್ಕಿನ ಸದ್ದುಗಳು ಅಲ್ಲಿ ಕೇಳಿಸತೊಡಗಿದುವು. ಬಾಡಿಗೆಯ ಮನೆಯವರು ಗೋಡೆ ಕಟ್ಟಿಸುವ ಯೋಚನೆಯನ್ನು ಬಿಟ್ಟು ಮೈಕನ್ನು ಬಾಯಿಯ ಸಮೀಪಕ್ಕೆ ತರುವುದೇ ಜಾಣತನ. ಒಂದಡಿ ದೂರವಿದ್ದುದನ್ನು ಅರ್ಧ ಅಡಿಗೆ ತಂದರೆ ಮಾತು ಆರು ಡೆಸಿಬೆಲ್ಲಿನಷ್ಟು ಬಲವಾಗುತ್ತದೆ. ದೂರದ ಬೀದಿ ಮಾತ್ರ ಇದ್ದಲ್ಲೇ ಇರುತ್ತದೆ. ಬಿಟ್ಟಿ ಲಾಭ! ಹತ್ತಿರ ತಂದಾಗ ‘ಪ’ ‘ಬ’ ‘ಫ’ ‘ಭ’ಗಳ ಉಸಿರು ಡಬ್ಬೆಂದು ಬಡಿಯುವುದರಿಂದ ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೆನ್ನೆಯ ಪಕ್ಕಕ್ಕೆ ಸರಿಸಬೇಕು. ಮಹಾಪ್ರಾಣಗಳನ್ನು ಮನಸ್ಸಿಟ್ಟು ಉಚ್ಚರಿಸುವ ಹಳೆಯ ಕಾಲದ ಉಪಾಧ್ಯಾಯರಿಗೆ ಈ ಎಚ್ಚರಿಕೆ ವಿಶೇಷವಾಗಿ ಬೇಕು.

ಇನ್ನು ಪ್ರತಿಧ್ವನಿ. ಕಾಂಕ್ರೀಟು ಗೋಡೆ, ನುಣುಪಾದ ಕಲ್ಲಿನ ನೆಲ, ಗಾಜಿನ ಕಿಟಕಿಗಳ ಈ ಕಾಲದ ಮನೆ, ಆಡಿದ ಮಾತನ್ನು ಬಹಳ ಹೊತ್ತು ಬಿಟ್ಟುಕೊಡುವುದಿಲ್ಲ. ಕೋಣೆಗಳ ಈ ದುರ್ಗುಣವನ್ನು ಮೊದಲು ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸೇಬಿನ್. ೧೮೯೫ರಲ್ಲಿ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಮಾತೇ ತಿಳಿಯದಂತಾದಾಗ, ಕಾರಣ ಹುಡುಕುವ ಕೆಲಸ ಆತನಿಗೆ ಬಂತು. ಊರು ಮಲಗಿದ ಮೇಲೆ, ಸಮೀಪದ ನಾಟಕಶಾಲೆಯಿಂದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ನಿನ ಕೊಳವೆಯನ್ನೂದಿ, ಸದ್ದು ಅಡಗುವ ಹೊತ್ತನ್ನು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳು ಮತ್ತೆ ಸ್ವಸ್ಥಾನ ಸೇರಬೇಕು. ತಾನು ತೊಟ್ಟ ಬಟ್ಟೆಯೂ ಸದ್ದನ್ನು ಹೀರುತ್ತದೆಂದು ತಿಳಿದ ಮೇಲೆ ಅಳತೆಯ ಹೊತ್ತಿನಲ್ಲಿ ಒಂದೇ ಬಗೆಯ ಉಡುಪನ್ನು ತೊಡತೊಡಗಿದನಂತೆ.

ಬಸವನಗುಡಿಯಲ್ಲಿ ನಾಟಕಶಾಲೆಯ ಮೆತ್ತೆಗಳಿರಲಿಲ್ಲ, ಸೀರೆಗಳ ಬೀರುವಿತ್ತು. ಮಲಗುವ ಕೋಣೆಯಲ್ಲಿ ಅದರ ಎರಡೂ ಬಾಗಿಲು ತೆರೆದು, ನೇತುಹಾಕಿದ ಸೀರೆಗಳಿಗೆ ಅಭಿಮುಖವಾಗಿ ಮೇಜು ಹಾಕಿ, ಬೆನ್ನ ಹಿಂದೆ ಹಗ್ಗಕ್ಕೆ ಎರಡು ರಜಾಯಿಗಳನ್ನು ಇಳಿಬಿಟ್ಟರು. ಧ್ವನಿ ತಟ್ಟನೆ ಕಿವಿಯ ಬಳಿಗೆ ಬಂತು, ಬಾವಿಯಿಂದ ಮೇಲೆತ್ತಿದಂತೆ. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದೆಂದು ಯಾರೋ ಸಲಹೆ ಕೊಟ್ಟರು. ನಿಲ್ಲುವುದಿಲ್ಲ. ಹಗುರವಾದ ರಟ್ಟು ಹೊರಗಿನ ಸದ್ದನ್ನು ತಡೆಯದು, ಒಳಗಿನದನ್ನು ಹೀರುವುದೂ ಅಲ್ಪ. ಸಸ್ಯಾಹಾರಿಗಳ ಮನೆಯಲ್ಲಿ ಅಪಾರ್ಥಕ್ಕೆ ಮಾತ್ರ ಎಡೆ.

ಎಲ್ಲರ ಸದ್ದನ್ನೂ ಅಡಗಿಸಿದ ಮೇಲೆ ಉಳಿದದ್ದು ಓದುವವರ ಸದ್ದು. ಗಂಜಿ ಹಾಕಿದ ಹತ್ತಿಯ ಸೀರೆ ಮಿಸುಕಿದರೆ ಸರಕ್ಕೆನ್ನುತ್ತಿತ್ತು. ಅದರ ಬದಲು ಹಳೆಯ ಮೆತ್ತನೆಯ ಸೀರೆ ಬಂತು. ಕುರ್ಚಿ ಕಿರುಗುಟ್ಟುತ್ತಿತ್ತು, ಅದಕ್ಕೆ ನಾಲ್ಕು ತೊಟ್ಟು ಎಣ್ಣೆ. ಬಾಯಿ ಒಣಗಿ ನಾಲಗೆ ಟಕ್ಕೆನ್ನದಂತೆ ಪಕ್ಕದಲ್ಲಿ ಬೆಚ್ಚನೆಯ ನೀರು. ಬಳೆಗಳ ವಿಷಯ ಸ್ವಲ್ಪ ಕಠಿನವಾಯಿತು. ಪುಟ ತಿರುಗಿಸುವಾಗಲೆಲ್ಲ ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದುವು. “ತೆಗೆದಿಟ್ಟು ಓದಬಾರದೇನೆ?” ಎಂದು ಯಜಮಾನರು ಇಂಜಿನಿಯರರ ಧಾಟಿಯಲ್ಲಿ ಅಂದುಬಿಟ್ಟರು. “ಬಿಡ್ತು ಅನ್ನಿ! ನೀವೇ ಹೇಳೋ ಮಾತೇ ಇದು?” ಎಂದು ಅವರಾಕೆ ಕಣ್ಣರಳಿಸಿದರು. ಕೊನೆಗೆ ಬಳೆಗಳ ಮೇಲೆ ಕರ್ಚೀಫು ಸುತ್ತಿ ಕಟ್ಟಿಕೊಂಡು ಓದುವುದೆಂದಾಯಿತು.

ಹೊತ್ತು ಯಾವುದು? ಫ್ಯಾನಿಲ್ಲದೆ ಏಪ್ರಿಲ್ ತಿಂಗಳ ಹಗಲಿನಲ್ಲಿ ರಜಾಯಿಗಳ ನಡುವೆ ಕೂರುವುದು ತಪಸ್ಸೇ ಸರಿ. ಬೆಳಗಿನ ಜಾವ ನಾಲ್ಕರಿಂದ ಐದೂವರೆ ಗೊತ್ತಾಯಿತು. ಹಾಲಿನವನಿಲ್ಲ, ಕುಕ್ಕರಿಲ್ಲ, ಮೋಟಾರಿಲ್ಲ. ಆದರೆ ಕೋಗಿಲೆ ಇತ್ತು. ಕವಿಗಳೆಲ್ಲ ಹಾಡಿ ಹೊಗಳಿದ ಈ ಪಕ್ಷಿ ವಸಂತದಲ್ಲಿ ಬೆಳಕು ಹರಿಯುವುದಕ್ಕೆ ಬಹಳ ಮೊದಲೇ ಎದ್ದು, ಮಾತಿನ ನಟ್ಟನಡುವಿನ ಶ್ರುತಿಗಳಲ್ಲೇ ಕೂಗುತ್ತದೆ. ಅದನ್ನು ಸ್ಪಂಜು ತಡೆಯದು, ಸೀರೆ ತಡೆಯದು. ಪಂಪನ ವಸಂತವರ್ಣನೆಯನ್ನು ಓದುತ್ತಿದ್ದ ದಿನ ಅದು ಕೂಗಿದಾಗ ಮಾತ್ರ ಉಪಾಧ್ಯಾಯಿನಿಯವರು ಸುಮ್ಮನಾಗಿ, ಅದು ಮುಗಿಸುವವರೆಗೆ ಕಾದು, ಮುಂದುವರಿಸಿದರು. ಆ ತುಣುಕನ್ನು ಅಳಿಸಲು ಅವರಿಗೆ ಮನಸ್ಸು ಬರಲಿಲ್ಲ.

ಇಷ್ಟೆಲ್ಲ ಏಕೆ, ಕಂಪ್ಯೂಟರಿನಲ್ಲಿ ಸದ್ದು ತೆಗೆಯುವ ವಿದ್ಯೆ ಇಲ್ಲವೆ ಎಂದು ಮಗ ಕೇಳಿದ್ದುಂಟು. ಇದೆ. ಸೆಕೆಂಡಿಗೆ ೮೦ ಕಂಪನಗಳಿಗಿಂತ ಕೆಳಗಿನದನ್ನು ಕತ್ತರಿಸಿಬಿಡುವುದು ಹೆಂಗಸರ ಧ್ವನಿಗೆ ನಿರಪಾಯ. ಅದನ್ನು ಮಾಡಿಯೇ ಕಳುಹಿಸುತ್ತಿದ್ದರು. ಆದರೆ ಅವನು ಮೊದಲ ವಾರದ ಆರು ಗಂಟೆಯ ಓದನ್ನು ಉಳಿಸಲೆಂದು ಪೂರಾ ಚೊಕ್ಕಟಗೊಳಿಸಿದಾಗ ನಡೆದದ್ದೇ ಬೇರೆ. ಆ ಬಗೆಯ ಸಾಧನಕ್ಕೆ ಮೊದಲು ಬರಿಯ ಗದ್ದಲದ ಮಾದರಿಯನ್ನು ಕೇಳಿಸಬೇಕು. ಅದಕ್ಕೆ ಹೋಲುವುದನ್ನೆಲ್ಲ ಅದು ಧ್ವನಿಯಲ್ಲಿ ಹುಡುಕಿ ತಗ್ಗಿಸುತ್ತದೆ. ಫ್ಯಾನಿನ ಸುಯ್ಲಿಗೆ ಹೋಲುವುದು ಯಾವುದು? ‘ಸ’ಕಾರ, ‘ಶ’ಕಾರ, ‘ಹ’ಕಾರ, ಮಹಾಪ್ರಾಣದ ಉಸಿರು. ಗಾಳಿ ಹೋದಾಗ ಅಕ್ಷರವೂ ಜೊತೆಗೆ ಹೋಯಿತು. ಉಳಿದ ಧ್ವನಿ ನೀರೊಳಗಿಂದ ಮಾತನಾಡಿದಂತಿತ್ತು. ಖರವೂ ಕರವೂ ಒಂದಾದುವು, ಕತ್ತೆಗೂ ಕೈಗೂ ಭೇದವಿಲ್ಲದಾಯಿತು. ಹುಡುಗ ಕೇಳಿ, “ಮೇಡಂ, ಇದಕ್ಕಿಂತ ಗುಂಯ್ ಅನ್ನೋದೇ ವಾಸಿ ಇತ್ತು” ಎಂದ. ಇಂದಿನ ಹೊಸ ಸಾಧನಗಳು ಇದಕ್ಕಿಂತ ಜಾಣವಾಗಿವೆ. ಆದರೂ ಇಲ್ಲದ ಅಕ್ಷರವನ್ನು ಅವು ಊಹಿಸಿ ತುಂಬಿದರೆ ಹಳಗನ್ನಡದಲ್ಲಿ ಗತಿಯೇನು? ಆರು ಗಂಟೆಯ ಓದನ್ನು ಅವರು ಮೊದಲಿನಿಂದ ಮತ್ತೆ ಓದಿದರು. ಬೇರೆ ಮಾರ್ಗವಿರಲಿಲ್ಲ.

ಮೇ ತಿಂಗಳ ಮೂರನೆಯ ವಾರಕ್ಕೆ ಪುಸ್ತಕ ಮುಗಿಯಲು ನಲವತ್ತು ಪುಟ ಉಳಿದಿದ್ದುವು. ಉಪಾಧ್ಯಾಯಿನಿಯವರ ಗಂಟಲು ಸ್ವಲ್ಪ ಒಡೆದಿತ್ತು. ದಿನಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಓದಕೂಡದೆಂದು ವೈದ್ಯರು ಹೇಳಿದ್ದರು. ಅಷ್ಟರಲ್ಲಿ ಅವರು ಕತ್ತರಿಸುವ ವಿದ್ಯೆಯನ್ನೂ ಮಗನಿಂದ ಕಲಿತುಕೊಂಡು ಕೆಮ್ಮು, ನೀರು ಕುಡಿದದ್ದು, ಪುಟ ಮಗುಚಿದ್ದು ಎಲ್ಲವನ್ನೂ ನಾಜೂಕಾಗಿ ತೆಗೆದು ಕಳುಹಿಸತೊಡಗಿದ್ದರು. ಧ್ವನಿ ಈಗ ನಿಷ್ಕಳಂಕವಾಗಿತ್ತು. ಹಾಸನದಿಂದ ಮತ್ತೊಂದು ಸಂಕೋಚದ ಮಾತು ಬಂತು.

“ಮೇಡಂ, ಎಲ್ಲಾ ಅಕ್ಷರ ಸ್ಪಷ್ಟವಾಗಿ ಕೇಳ್ತಾ ಇದೆ. ಹಾಳೆ ತಿರುಗಿಸೋ ಸದ್ದು ಮಾತ್ರ ತೆಗೀಬೇಡಿ. ಪುಟ ಮುಗೀತು ಅಂತ ಗೊತ್ತಾಗ್ತಿತ್ತು. ಎಲ್ಲಿವರೆಗೆ ಬಂದೆ ಅಂತ ಬೆರಳಲ್ಲಿ ಎಣಿಸ್ಕೋತಿದ್ದೆ.”

ಮರುದಿನ ಬೆಳಗಿನ ಜಾವ ಯಜಮಾನರು ಎಂದಿನಂತೆ ಫ್ರಿಜ್ಜು ಆರಿಸಿ, ಬೀಗದಕೈ ಅದರೊಳಗಿಟ್ಟು, ರಜಾಯಿ ಸರಿಪಡಿಸಿದರು. ಉಪಾಧ್ಯಾಯಿನಿಯವರು ಬಳೆಗಳಿಗೆ ಕರ್ಚೀಫು ಕಟ್ಟಿಕೊಂಡು ಓದಲು ಕುಳಿತರು. ಪುಟದ ಕೊನೆ ಬಂದಾಗ ಪುಸ್ತಕವನ್ನು ಕೈಯಲ್ಲೆತ್ತಿ, ಮೈಕಿನ ಸಮೀಪಕ್ಕೆ ತಂದು, ಹಾಳೆಯನ್ನು ನಿಧಾನವಾಗಿ ತಿರುಗಿಸಿದರು.